ಮೇಲಿನ ಅಂಚಿನ ಚುಕ್ಕೆಗಳು

"ಮುಚ್ಚಳ ತಗೀತಿಯೋ, ನಾ ಕಸಗೊಳ್ಳಲ್ಯೋ?"

ಶಂಕರಲಿಂಗ ಮೆಟ್ಟಿಲಿಗೆ ಅಡ್ಡ ನಿಂತು ಕೂಗಿದ. ಅವನೆದುರು ನರ್ಸ್ ನರ್ಗೀಸ, ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು. ಡಬ್ಬಿಯೊಳಗೆ ಶಂಕರಲಿಂಗನ ಹೆಂಡತಿ ಮಹೇಶ್ವರಿಯ ಬಲ ಎದೆಯಿಂದ ಈಗಷ್ಟೇ ಕೊಯ್ದು ತೆಗೆದ ತುಂಡು.

"ದಾರಿ ಬಿಡ್ರಿ. ಒಳಗ ಅವ್ರಿಗೆ ಇನ್ನೂ ಹೊಲಿಗಿ ಹಾಕಿಲ್ಲ. ನಾ ಕೆಳಗ ಹೋಗಿ ಇದರ ಎಕ್ಸ್‌ರೇ ತಗಿಸ್ಕೊಂಡು ಬರೂತನಕ ಡಾಕ್ಟರ್ ಕಾಯ್ಕೋತ ನಿಂತಿರ್ತಾರ."

"ನಿಂದರ್ಲಿ! ಏನ್ ತಗದೀರಿ ಅನ್ನೂದು ನಮಗ ತೋರಸಬೇಕೋ ಬ್ಯಾಡೋ? ನಮ್ಮ ಮನಿ ಹೆಣ್ಣಮಗಳ ಮೈ ಅದು. ನಿಮ್ಮದಲ್ಲ."

"ಎಕ್ಸ್‌ರೇ ಆದ ಮ್ಯಾಲ ತೋರಸ್ತೇವ್ರಿ."

"ಆದ ಮ್ಯಾಲ ಯಾರದೋ ತಂದು ಇದ ನಿಮ್ಮದು ಅಂದ್ರ ನಮಗೇನ್ ಗೊತ್ತಾಗ್ತೈತಿ?"

ಬೆಂಚಿನ ಮೇಲಿದ್ದ ಕಾಶಪ್ಪನೂ ಎದ್ದು ಬಂದ. ಅವನು ಮಹೇಶ್ವರಿಯ ಅಣ್ಣ, ಬಾದಾಮಿಯಲ್ಲಿ ಪಂಪಿನ ಮೋಟರಿಗೆ ತಂತಿ ಸುತ್ತುವ ಅಂಗಡಿ ಇಟ್ಟವನು. ಅವನಿಗೂ ಶಂಕರಲಿಂಗನಿಗೂ ಮದುವೆಯಾದಂದಿನಿಂದ ಯಾವ ಮಾತಿಗೂ ಸರಿಹೊಂದಿರಲಿಲ್ಲ. ಈ ಒಂದು ಮಾತಿಗೆ ಹೊಂದಿತು.

"ತೋರಸಿಬಿಡವಾ. ಗಳಿಗಿ ಮಾತು. ನಿನಗೇನ್ ಭಾರ?" ಎಂದ. ಮೆತ್ತಗೆ ಹೇಳಬೇಕೆಂದೇ ಬಾಯಿ ತೆರೆದಿದ್ದ. ಬಂದದ್ದು ಗದರಿಕೆ.

ಕೊಯ್ದು ತೆಗೆದದ್ದನ್ನು ಮನೆಯವರಿಗೆ ತೋರಿಸುವುದು ಈ ಕಡೆಯ ದವಾಖಾನೆಗಳಲ್ಲಿ ರೂಢಿ. ಕಾಶಪ್ಪನ ಪಕ್ಕದ ಮನೆಯ ಅಮಾತೆಪ್ಪ ತನ್ನ ಪಿತ್ತಕೋಶದ ಹರಳುಗಳನ್ನು ಸೀಸೆಯಲ್ಲಿ ಹಾಕಿಸಿಕೊಂಡು ಬಂದು ಟಿ.ವಿ. ಪಕ್ಕ ಇಟ್ಟಿದ್ದಾನೆ, ಬಂದವರಿಗೆಲ್ಲ ಅಲ್ಲಾಡಿಸಿ ತೋರಿಸುತ್ತಾನೆ. ತೋರಿಸಲಿಲ್ಲವೆಂದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ. ನರ್ಗೀಸಳಿಗೂ ಇದು ಗೊತ್ತಿತ್ತು. ಅವಳೂ ಈ ಕಡೆಯವಳೇ, ಇಳಕಲ್ಲಿನಲ್ಲಿ ಶಂಕರಲಿಂಗ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಹಿಂದಿನ ಓಣಿಯವಳು.

ಅವಳು ಮುಚ್ಚಳ ತೆಗೆದಳು.

ಹಳದಿ ಬಣ್ಣದ ಮೆತ್ತನೆಯ ತುಂಡು, ಅಲ್ಲಲ್ಲಿ ರಕ್ತ. ಮಧ್ಯದಿಂದ ಕೂದಲಿನಂಥ ಸಣ್ಣ ತಂತಿ ಹೊರಗೆ ಬಂದಿತ್ತು. ಎರಡು ಕಡೆ ಕಪ್ಪು ದಾರ ಹೊಲಿದಿದ್ದರು, ಒಂದು ಗಿಡ್ಡ, ಒಂದು ಉದ್ದ.

"ಗಿಡ್ಡ ದಾರ ಇದ್ದದ್ದು ಮ್ಯಾಲಿನ ಬದಿ, ಉದ್ದ ದಾರ ಇದ್ದದ್ದು ಬಗಲ ಬದಿ. ಎಕ್ಸ್‌ರೇದಾಗ ಯಾವ ಬದಿ ರೋಗ ಅಂಚಿಗೆ ಬಂದೈತಿ ಅಂತ ಇದರ ಮ್ಯಾಲ ಗುರ್ತ ಹಿಡೀತಾರ. ನೋಡಿದ್ರೆಲ್ಲ? ಸರೀರಿ."

"ಇಷ್ಟ? ಇಷ್ಟ ತಗದ್ರ ರೋಗ ಹೋತಂತ?" ಶಂಕರಲಿಂಗ ಮತ್ತೆ ಏರಿದ. "ಪೂರಾ ತಗೀರಿ ಅಂತ ನಿನ್ನೆ ಬಡ್ಕೊಂಡೆ. ಯಾರ ಕೇಳ್ತಾರ?"

ಅವನು ಒದರುತ್ತಿರುವಾಗ ಅವನ ಹಿಂದಿನಿಂದ ಗುರುಲಿಂಗವ್ವ ಬಂದಳು. ಕಾಶಪ್ಪ ಮತ್ತು ಮಹೇಶ್ವರಿಯ ತಾಯಿ. ಮಗಳು ಒಳಗೆ ಹೋಗುವಾಗ ಬಿಚ್ಚಿಕೊಟ್ಟ ಇಷ್ಟಲಿಂಗವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೆಳಗಿನಿಂದ ಗೋಡೆ ಹಿಡಿದು ನಿಂತಿದ್ದಳು. ಈಗ ಡಬ್ಬಿಯೊಳಗೆ ಇಣುಕಿದಳು. ತುಟಿ ಅಲ್ಲಾಡಿದವು. ಬಲಗೈ ಬೆರಳಿನಿಂದ ಆ ತುಂಡನ್ನು ಗಿಡ್ಡ ದಾರದ ಅಂಚಿನುದ್ದಕ್ಕೂ ಒಮ್ಮೆ ಸವರಿದಳು.

ನರ್ಗೀಸಳ ಬಾಯಿ ತೆರೆಯಿತು. ಹಾಗೆಯೇ ಮುಚ್ಚಿಕೊಂಡಿತು. ಅವಳು ಮುಚ್ಚಳ ಹಾಕಿಕೊಂಡು ಮೆಟ್ಟಿಲಿಳಿದು ಓಡಿದಳು.

ಕಾಶಪ್ಪನೂ ನೋಡಿದ್ದ. ತಾಯಿ ಮಗಳ ಮೈ ಮುಟ್ಟಿದಳು, ಅಷ್ಟೇ ಅಂದುಕೊಂಡ.

ಮಹೇಶ್ವರಿಗೆ ಗಂಟು ಗಿಂಟು ಏನೂ ಕೈಗೆ ಹತ್ತಿರಲಿಲ್ಲ. ಹುನಗುಂದದ ಬಸ್‌ಸ್ಟ್ಯಾಂಡ್ ಬಳಿ ಅವಳದೊಂದು ಖಾನಾವಳಿ. ಊರಿಗೆ ಬಂದ ಎದೆ ಕ್ಯಾನ್ಸರ್ ತಪಾಸಣೆ ಗಾಡಿಯವರು ಊಟಕ್ಕೆ ಅಲ್ಲಿಗೇ ಬಂದಿದ್ದರು. ಉಂಡವರು ಸುಮ್ಮನೆ ಹೋಗದೆ, ಅಕ್ಕಾರ ನೀವೂ ಒಮ್ಮೆ ತೋರಿಸಿಕೊಳ್ಳಿ ಎಂದು ಬೆನ್ನುಹತ್ತಿದರು. ಗಾಡಿಯೊಳಗೆ ತೆಗೆದ ಎಕ್ಸ್‌ರೇ ಫೋಟೋದಲ್ಲಿ ಬಲ ಎದೆಯೊಳಗೆ ಸಣ್ಣ ಬಿಳಿ ಚುಕ್ಕೆಗಳ ಒಂದು ಗುಂಪು. ಬಾಗಲಕೋಟೆಗೆ ಬಂದು ಸೂಜಿ ಹಾಕಿ ಪರೀಕ್ಷೆ ಮಾಡಿಸಿದರೆ ಕ್ಯಾನ್ಸರೇ. ಆದರೆ ಹಾಲಿನ ನಾಳದೊಳಗೇ ಇದೆ, ಹೊರಗೆ ಹರಡಿಲ್ಲ ಎಂದರು ಡಾಕ್ಟರ್ ರೋಹಿಣಿ.

"ಇಷ್ಟು ವರ್ಷ ರೊಟ್ಟಿ ಬಡದದ್ದಕ್ಕ ಹಿಟ್ಟು ಒಳಗ ಹೋಗೇತಿ ನೋಡ್ರಿ ಡಾಕ್ಟರ್ರ," ಎಂದು ಮಹೇಶ್ವರಿ ನಕ್ಕಿದ್ದಳು. ರೋಹಿಣಿ ನಗಲಿಲ್ಲ. ಚುಕ್ಕೆ ಇದ್ದಷ್ಟು ಭಾಗ, ಸುತ್ತ ಒಂದಿಷ್ಟು ಒಳ್ಳೆಯ ಭಾಗ ಸೇರಿಸಿ ತೆಗೆಯಬೇಕು, ಆಮೇಲೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ ಕೊಡಿಸಬೇಕು, ಎದೆ ಉಳಿಯುತ್ತದೆ. ಇಲ್ಲವೇ ಇಡೀ ಎದೆ ತೆಗೆಯಬೇಕು ಎಂದರು. ಎದೆ ಉಳಿಸಿದರೆ ಒಂದು ಕಷ್ಟ ಉಂಟು. ಈ ಚುಕ್ಕೆಗಳು ಕೈಗೆ ಹತ್ತುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಬೆಳಿಗ್ಗೆ ಎಕ್ಸ್‌ರೇ ನೋಡುತ್ತ ತಂತಿ ಚುಚ್ಚಿ ಜಾಗ ಗುರುತು ಮಾಡುತ್ತಾರೆ. ತೆಗೆದ ತುಂಡನ್ನು ಅಲ್ಲೇ ಆಗಲೇ ಎಕ್ಸ್‌ರೇ ಮಾಡಿ ನೋಡಿದರೆ ಮಾತ್ರ ಚುಕ್ಕೆ ಎಲ್ಲ ಬಂದವೋ ಇಲ್ಲವೋ ತಿಳಿಯುತ್ತದೆ. ಬಂದಿರದಿದ್ದರೆ ಹೊಲಿಯುವ ಮೊದಲೇ ಇನ್ನೊಂದಿಷ್ಟು ತೆಗೆಯಬೇಕು.

ಮಹೇಶ್ವರಿ ಎರಡು ರಾತ್ರಿ ಮಲಗಲಿಲ್ಲ. ಮೂರನೆಯ ದಿನ ಡಾಕ್ಟರಿಗೆ ಖುದ್ದು ಹೇಳಿದಳು: "ರೋಗ ಇದ್ದಷ್ಟು ತಗೀರಿ. ತೀರಾ ಬ್ಯಾರೆ ದಾರಿ ಇಲ್ಲ ಅಂದ್ರ ಮಾತ್ರ ಪೂರಾ ತಗೀರಿ. ಒಮ್ಮೆ ಮುಗಿಸಿಬಿಡ್ರಿ, ಎರಡನೇ ಸಲ ಈ ಮಂಚಾ ಏರೂ ಧೈರ್ಯ ನನಗಿಲ್ಲ." ಬೆಳಿಗ್ಗೆ ಸ್ಟ್ರೆಚರ್ ಮೇಲಿಂದ ಅಣ್ಣನ ಕೈ ಹಿಡಿದುಕೊಂಡು, "ನಮ್ಮ ಮನಿಯವ್ರು ಅಂಜಿ ಏನರ ಅಂದ್ರ ನೀ ಹೂಂ ಅನ್ನಬ್ಯಾಡ," ಎಂದು ಹೇಳಿ ಒಳಗೆ ಹೋಗಿದ್ದಳು.

ಈಗ ಕಾಶಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಯ ತನಕ ಹೋದ, ಬಂದ. ನೀರಿನ ಯಂತ್ರದ ನಲ್ಲಿ ತಿರುಗಿಸಿದ, ಕುಡಿಯದೆ ನಿಲ್ಲಿಸಿದ. ಶಂಕರಲಿಂಗ ಗೋಡೆಗೆ ಒರಗಿ ಚಪ್ಪಲಿಯಿಂದ ಗೋಡೆ ಒದೆಯುತ್ತಿದ್ದ.

"ಒದಿಯೂದು ಬಿಡೋ. ಅಂಜಿಕಿ ಬರ್ತೈತಿ."

"ಬರ್ಲಿ. ನಮ್ಮಕ್ಕ ಅಮೀನಗಡದಾಕಿ ಹೆಂಗ ಸತ್ತಳು ನಿನಗ ಗೊತ್ತೈತಿಲ್ಲೋ ಕಾಶಪ್ಪಣ್ಣಾ? ಅಕಿದೂ ಹಿಂಗ, ತುಸು ತಗದ್ರು. ಎಲ್ಲಾ ಹೋತು ಅಂದ್ರು. ಯಾವ ಫೋಟೋನೂ ಇಲ್ಲ, ಗೀಟೋನೂ ಇಲ್ಲ, ಕೈಯಾಗ ಹಿಚಿಕಿ ನೋಡಿ ಹೇಳಿದ್ರು. ವರ್ಷ ತುಂಬೂದ್ರಾಗ ಮತ್ತ ಬಂತು. ಅಕಿ ಬಾಯಾಗ ಕಡೀ ನೀರು ಹಾಕಿದಾಂವ ನಾನು."

"ಅದಕ್ಕ ಈಗ ಫೋಟೋ ತಗೀತಾರಲೇ, ಮಬ್ಬಾ."

"ಮಬ್ಬ ಅನಬ್ಯಾಡ ನೋಡು!"

"ಮಬ್ಬಗ ಮತ್ತೇನನ್ನಲಿ?"

"ಇದು ದವಾಖಾನಿ ಐತ್ರೆಪಾ," ಎಂದು ಗುರುಲಿಂಗವ್ವ ಇಬ್ಬರ ನಡುವೆ ಬಂದು ನಿಂತಳು. ಆಗಲೇ ನರ್ಗೀಸ ಡಬ್ಬಿ ಹಿಡಿದು ಮೇಲೆ ಬಂದಳು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಆಪರೇಷನ್ ಕೋಣೆಯ ಬಾಗಿಲು ತೆರೆದು ಡಾಕ್ಟರ್ ರೋಹಿಣಿಯೇ ಹೊರಗೆ ಬಂದರು. ಕೈಗವಸು ತೆಗೆದಿದ್ದರು. ಹಿಂದೆ ನರ್ಗೀಸ.

"ಬಂದ ಕೂಡ್ಲೆ ಒದರಬ್ಯಾಡ್ರಿ, ಮೊದ್ಲು ಕೇಳ್ರಿ. ತಂತಿ ಬಂದೈತಿ, ಚುಕ್ಕಿ ಗುಂಪೂ ಬಂದೈತಿ. ಆದ್ರ ಎಕ್ಸ್‌ರೇದಾಗ ಮ್ಯಾಲಿನ ಅಂಚಿನ ಉದ್ದಕ್ಕ ಚುಕ್ಕಿ ಅದಾವ. ಅಂಚಿಗೆ ಬಂದಾವ ಅಂದ್ರ ಅದರಾಚೆ ಎದಿಯೊಳಗೂ ಉಳದಿರ್ತಾವ. ಹಿಂದಿನ ಫೋಟೋದಾಗ ಆ ಜಾಗಾದಾಗ ಒಂದೂ ಇರಲಿಲ್ಲ. ಅದ ನನಗ ತಿಳೀವಲ್ದು. ಇವು ಖರೆ ಇದ್ರ ಮ್ಯಾಲಿನ ಬದಿ ಭಾಳ ತಗೀಬೇಕಾಗ್ತೈತಿ. ಅಷ್ಟು ತಗದ ಮ್ಯಾಲ ಉಳಿಸಿ ಉಪಯೋಗಿಲ್ಲ. ಪೂರಾನ ತಗೀಬೇಕು."

"ತಗೀರಿ!" ಶಂಕರಲಿಂಗ ಅಂದ. "ನಾ ಹೇಳಾಕತ್ತೇನಿ, ಪೂರಾ ತಗೀರಿ. ಗಂಡ ಅದೇನಿ ನಾನು."

"ಮೈ ಅವ್ರದು. ಅವ್ರು ಹೇಳಿದ್ದು ನನಗ ನೆನಪೈತಿ. ತೀರಾ ದಾರಿ ಇಲ್ಲದಾಗ ಮಾತ್ರ ಅಂದಾರ. ಈಗ ಆ ಹೊತ್ತು ಬಂದಂಗ ಕಾಣ್ತೈತಿ, ಅದಕ್ಕ ತಿಳಿಸಾಕ ಬಂದೆ."

ಕಾಶಪ್ಪನಿಗೆ ಒಂದು ಲೆಕ್ಕ ಹತ್ತಲಿಲ್ಲ. ಹಿಂದಿನ ಫೋಟೋದಲ್ಲಿ ಇಲ್ಲದ್ದು ಈಗ ಎಲ್ಲಿಂದ ಬಂತು? ಮೋಟರಿನಲ್ಲಿ ಮೊದಲಿಲ್ಲದ ಸದ್ದು ಬಂದರೆ ಅವನು ಮೊದಲು ಕೇಳುವುದು ಯಾರು ಬಿಚ್ಚಿದ್ದಿರಿ ಎಂದು. ತಾಯಿಯ ಕಡೆ ತಿರುಗಿದ. ಅವಳ ಬಲಗೈಯ ಮೂರು ಬೆರಳು ಬೆಳ್ಳಗಿದ್ದವು. ಯಾವಾಗಲೂ ಹಾಗೇ ಇರುತ್ತವೆ. ಶಿವಯೋಗ ಮಂದಿರದಿಂದ ತರಿಸಿದ ವಿಭೂತಿ ಗಟ್ಟಿ ಅವಳ ಸೊಂಟದ ಚೀಲದಲ್ಲಿ ಇಲ್ಲದ ದಿನವೇ ಇಲ್ಲ. ಬೆಳಿಗ್ಗೆ ತಂತಿ ಹಾಕುವ ಮೊದಲು ಮಹೇಶ್ವರಿಯ ಎದೆ, ತೋಳು, ಹಣೆ ಎಲ್ಲ ಒದ್ದೆ ಬಟ್ಟೆಯಿಂದ ಒರೆಸಿದ್ದರು. ಮಹೇಶ್ವರಿ ಎಕ್ಸ್‌ರೇ ಕೋಣೆಯಿಂದ ಹೊರಗೆ ಬಂದು, "ಅಣ್ಣಾ, ಮೈಮ್ಯಾಲಿನ ವಿಭೂತಿ, ಪೌಡರು ಎಲ್ಲಾ ಫೋಟೋದಾಗ ರೋಗದ ಚುಕ್ಕಿಯಂಗ ಕಾಣ್ತಾವಂತ," ಎಂದಿದ್ದಳು.

"ಡಾಕ್ಟರ್ರ," ಕಾಶಪ್ಪ ಅಂದ, "ಅದು ವಿಭೂತಿ ಇರಬೇಕ್ರಿ."

"ಏನು?"

"ಯವ್ವಾ, ಡಬ್ಬ್ಯಾಗ ಕೈ ಹಾಕಿದೆಲ್ಲ. ಏನ್ ಹಚ್ಚಿದಿ?"

"ನಾ ಏನೂ ಹಚ್ಚಿಲ್ಲಪ್ಪಾ."

"ಕೈ ತೋರಸು!"

"ಏನೂ ಮಾಡಿಲ್ಲ ಅಂದ್ನೆಲ್ಲ!" ಗುರುಲಿಂಗವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಳಿಯ ತನ್ನನ್ನೇ ನೋಡುತ್ತಿದ್ದ ರೀತಿಗೆ ಅಂಜಿ ಗೋಡೆಯ ಕಡೆ ಸರಿದಳು.

"ಹಚ್ಚಿದ್ರು ಮೇಡಮ್," ನರ್ಗೀಸ ಅಂದಳು. "ನಾ ನೋಡೀನಿ."

ಡಾಕ್ಟರ್ ಅವಳ ಕಡೆ ತಿರುಗಿದರು. "ನೋಡಿ ಸುಮ್ಮನಿದ್ದಿ?"

"ಕೆಳಗ ಹೋಗಿ ಹತ್ತಿಲೆ ವರಸಿದೆ. ಹೋತು ಅನಸ್ತು."

"ಅಲ್ಲೇ ಬ್ಯಾಡ ಅನ್ನಾಕ ಬಾಯಿಲ್ಲೇನು ನಿನಗ? ನನಗರ ಒಂದು ಮಾತು ಹೇಳಬಾರದಾ?"

"ವಿಭೂತಿ ಹಚ್ಚಬ್ಯಾಡ್ರಿ ಅಂತ ನಾ ಅನ್ನೂದಾ ಮೇಡಮ್? ನನ್ನ ಹೆಸರು ಗೊತ್ತೈತಿಲ್ರಿ ನಿಮಗ? ಈ ಅಣ್ಣಾರು ಮೆಟ್ಟಲಕ್ಕ ಅಡ್ಡ ನಿಂತು ಒದರಾಕತ್ತಿದ್ರು. ಅದರಾಗ ನಾ ಆ ಅಮ್ಮನ ಕೈ ಹಿಡದಿದ್ರ ಮಾತು ಎಲ್ಲಿಗೆ ಹೋಗತಿತ್ತು? ಆಮ್ಯಾಲ ಒಳಗ ಬಂದು ನಿಮಗ ಹೇಳಬೇಕಿತ್ತು ಖರೆ. ಮುಚ್ಚಳ ಯಾಕ ತಗದಿ ಅಂತ ಬೈತೀರಿ ಅಂತ ಅಂಜಿದೆ."

ಶಂಕರಲಿಂಗ, "ನಾವೇನ್ ಅಂಥಾ ಮಂದಿ ಅಲ್ಲ," ಎಂದ. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ.

ಡಾಕ್ಟರಿಗೆ ಇದನ್ನೆಲ್ಲ ಕೇಳುತ್ತ ನಿಲ್ಲುವ ಪುರಸತ್ತು ಇರಲಿಲ್ಲ. "ಸಲೈನಿನಾಗ ತೊಳಿ. ದಾರ ಜಗ್ಗಬಾರದು, ತಂತಿ ಅಲ್ಲಾಡಬಾರದು. ಮತ್ತ ಎಕ್ಸ್‌ರೇ ತಗಿಸು," ಎಂದು ಒಳಗೆ ಹೋದರು.

ಈ ಸಲ ನರ್ಗೀಸ ಡಬ್ಬಿ ಹಿಡಿದು ಬಂದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಕಾಶಪ್ಪ ತಾಯಿಯ ಮೇಲೆ ಹರಿಹಾಯ್ದ. "ನಿನ್ನ ಒಂದು ಚಿಟಿಕಿಗೆ ಅಕಿ ಎದಿ ಹೋಗತಿತ್ತು! ತಿಳೀತೈತೇನು? ಇಲ್ಲದ ರೋಗಕ್ಕ ಕೊಯ್ಯತಿದ್ರು!"

"ನನಗೇನ್ ಗೊತ್ತೋ ಯಪ್ಪಾ," ಗುರುಲಿಂಗವ್ವ ನೆಲದ ಮೇಲೆ ಕುಸಿದು ಕೂತಳು. "ಬರೀ ಹಣಿಲೆ ಒಳಗ ಕರಕೊಂಡು ಹೋದ್ರು. ಕೊರಳಾಗ ಲಿಂಗಿಲ್ಲ, ಹಣಿಮ್ಯಾಲ ವಿಭೂತಿಲ್ಲ. ಆ ಮಾಂಸನೂ ಅಕಿದ ಅಲ್ಲೇನೋ? ಮೈಬಿಟ್ಟು ಹೊಂಟಿತ್ತು. ಹಂಗ ಬರಿದ ಕಳಸೂದು ಹೆಂಗ ಅಂತ ಜೀವ ತಡೀಲಿಲ್ಲ."

ಕಾಶಪ್ಪನಿಗೆ ಇನ್ನೂ ಬೈಯಬೇಕೆನಿಸಿತು. ಬೈಗುಳ ಸಿಗಲಿಲ್ಲ. ಶಂಕರಲಿಂಗ ಅತ್ತೆಯ ಪಕ್ಕ ಹೋಗಿ ತಾನೂ ನೆಲಕ್ಕೆ ಕೂತ. "ಅಳಬ್ಯಾಡ್ರಿ ಅತ್ತಿ. ಮುಚ್ಚಳ ತಗಿ ಅಂದಾಂವ ನಾನು," ಎಂದ. ಮತ್ತೆ ಎದ್ದ. ಮತ್ತೆ ಕೂತ. "ತೊಳದ್ರೂ ಹೋಗಲಿಲ್ಲ ಅಂದ್ರ?" ಎಂದು ಕಾಶಪ್ಪನನ್ನು ಕೇಳಿದ. ಕಾಶಪ್ಪ ಕಿಟಕಿಯಾಚೆ ನೋಡುತ್ತ ನಿಂತ. ಕೆಳಗೆ ಒಬ್ಬ ಹೆಂಗಸು ಗಾಡಿಯ ಮೇಲೆ ಪೇರಲ ಹೆಚ್ಚಿ ಉಪ್ಪುಖಾರ ಹಚ್ಚಿ ಕೊಡುತ್ತಿದ್ದಳು, ಜನ ನಿಂತು ತಿನ್ನುತ್ತಿದ್ದರು. ಅವರ ಮೇಲೂ ಅವನಿಗೆ ಸಿಟ್ಟು ಬಂತು.

ಬಾಗಿಲು ಅರ್ಧ ತೆರೆಯಿತು. ಡಾಕ್ಟರ್ ಹೊರಗೆ ಬರದೆ ಅಲ್ಲಿಂದಲೇ ಹೇಳಿದರು.

"ಮ್ಯಾಲಿನ ಅಂಚು ಸ್ವಚ್ಛ ಐತಿ. ಅಲ್ಲಿದ್ದದ್ದೆಲ್ಲಾ ವಿಭೂತಿ."

ಶಂಕರಲಿಂಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಪೂರಾ ಕೇಳ್ರಿ. ಬಗಲ ಬದಿ, ಉದ್ದ ದಾರದ ಕಡಿ, ಎರಡು ಚುಕ್ಕಿ ಅಂಚಿಗೆ ಹತ್ಯಾವ. ಅವು ತೊಳದ್ರೂ ಹೋಗಿಲ್ಲ. ಈ ತುಂಡಿನ ಮೊದಲನೇ ಎಕ್ಸ್‌ರೇದಾಗೂ ಇದ್ವು, ಆದ್ರ ಈ ಬೂದಿ ಗದ್ದಲದಾಗ ನನ್ನ ಕಣ್ಣು ಮ್ಯಾಲಿನ ಅಂಚಿಗೆ ಹೋತು. ಆ ಬದಿ ತೆಳ್ಳಗೆ ಒಂದು ಪದರ ತಗೀತೇನಿ. ಅದನ್ನೂ ಎಕ್ಸ್‌ರೇ ಮಾಡಬೇಕು."

"ಅದು ಸ್ವಚ್ಛ ಬಂದ್ರ?"

"ಬಂದ್ರ ಹೊಲೀತೇನಿ. ಬರಲಿಲ್ಲ ಅಂದ್ರ ಮತ್ತ ನಿಮ್ಮ ಮುಂದ ಬರ್ತೇನಿ."

ನರ್ಗೀಸ ಮೂರನೆಯ ಸಲ ಮೆಟ್ಟಿಲಿಳಿದಳು. ಈ ಸಲ ಡಬ್ಬಿ ಸಣ್ಣದು. ಶಂಕರಲಿಂಗ ಅವಳ ಹಿಂದೆ ನಾಲ್ಕು ಮೆಟ್ಟಿಲು ಇಳಿದವನು ನಿಂತುಬಿಟ್ಟ, ಅಲ್ಲಿಯೇ ಕೂತ. ಕಾಶಪ್ಪ ಕಾರಿಡಾರಿನ ಆಚೆ ತುದಿಗೆ ಹೋಗಿ ಬರುವುದು, ಬಂದು ಬಾಗಿಲಿನ ಗಾಜಿಗೆ ಕಣ್ಣು ಹಚ್ಚುವುದು, ಏನೂ ಕಾಣದೆ ಮತ್ತೆ ಹೋಗುವುದು. ಒಳಗೆ ತಂಗಿ ಮಲಗಿದ್ದಳು. ಮೈಮೇಲೆ ಎಚ್ಚರವಿಲ್ಲ. ಹೊರಗೆ ಇವರೆಲ್ಲ ಬಡಿದಾಡಿದ್ದು ಅವಳಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ ಅನಿಸಿತು.

ನರ್ಗೀಸ ಮೇಲೆ ಬರುವಾಗ ಶಂಕರಲಿಂಗ ಅವಳ ಮುಖ ನೋಡಿದ. "ಹೆಂಗೈತ್ರಿ?" ಎಂದ. ಮೊದಲ ಸಲ ಅವಳಿಗೆ 'ರಿ' ಹಚ್ಚಿದ್ದ.

"ಡಾಕ್ಟರ್ ಹೇಳ್ತಾರ," ಎಂದು ಅವಳು ಒಳಗೆ ಹೋದಳು.

ಡಾಕ್ಟರ್ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಬಂದಾಗ ಟೊಪ್ಪಿಗೆ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು.

"ಹೊಲಿಗಿ ಮುಗೀತು. ಆ ಎರಡು ಚುಕ್ಕಿಯ ಆಚೆ ಮತ್ತೊಂದು ಇತ್ತು, ಅದೂ ಪದರದಾಗ ಬಂತು. ಸುತ್ತ ಅಂಚು ಸ್ವಚ್ಛ. ಎದಿ ಉಳೀತು."

ಗುರುಲಿಂಗವ್ವ ನೆಲಕ್ಕೆ ಹಣೆ ಹಚ್ಚಿದಳು.

"ಆದ್ರ ಎಕ್ಸ್‌ರೇ ಹೇಳೂದು ಇಷ್ಟ. ಲ್ಯಾಬಿನಾಗ ಮೈಕ್ರೋಸ್ಕೋಪಿಟ್ಟು ನೋಡಿ ಅವ್ರೂ ಹೌದು ಅನಬೇಕು. ಅಲ್ಲೀತನಕ ಪೇಢೆ ಹಂಚಬ್ಯಾಡ್ರಿ." ಶಂಕರಲಿಂಗನ ಕಡೆ ನೋಡಿ, "ನಿಮ್ಮ ಮಾತು ಕೇಳಿ ಪೂರಾ ತಗದಿದ್ರ ಅವ್ರಿಗೆ ಎದ್ದ ಮ್ಯಾಲ ಏನ್ ಹೇಳತಿದ್ರಿ?" ಎಂದರು.

ಆಮೇಲೆ ನರ್ಗೀಸಳ ಕಡೆ ತಿರುಗಿದರು. ಎಲ್ಲರ ಮುಂದೆಯೇ.

"ನಾಳಿಂದ ಆಪರೇಷನ್ ಥೇಟರಿಗೆ ಬರಬ್ಯಾಡ. ವಾರ್ಡ್ ನೋಡ್ಕೋ. ಇಂಥಾದ್ದನ್ನ ಮುಚ್ಚಿಟ್ಟಾಕಿ ಕೈಯಾಗ ನಾ ಇನ್ನ ಡಬ್ಬಿ ಕೊಡಾಂಗಿಲ್ಲ."

"ಡಾಕ್ಟರ್ರ, ಅಕಿದೇನ್ ತಪ್ಪಿಲ್ರಿ," ಕಾಶಪ್ಪ ಮುಂದೆ ಬಂದ. "ನಾವು ದಬಾಯಿಸಿದ್ವಿ—"

"ನೀವು ದಬಾಯಿಸ್ತೀರಿ, ನಿಮ್ಮಂಥಾವ್ರು ದಿನಾ ಬರ್ತಾರ. ಅದಕ್ಕೆಲ್ಲಾ ಮುಚ್ಚಳ ತಕ್ಕೋತ ಕೂತ್ರ ನಾ ಕೊಯ್ಯೂದ್ಯಾವಾಗ, ಹೊಲಿಯೂದ್ಯಾವಾಗ?"

"ಹೌದ್ರಿ. ಮುಚ್ಚಳ ತಗದದ್ದು ನನ್ನ ತಪ್ಪು," ನರ್ಗೀಸ ಅಂದಳು. "ನಿಮಗ ಹೇಳದಿದ್ದದ್ದೂ ತಪ್ಪು. ಆದ್ರ ನಾಳೆ ವಾರ್ಡಿನಾಗೂ ಹಿಂಗ ಯಾರೋ ಬರ್ತಾರ, ಹಿಂಗ ಕೈ ಮುಂದ ಮಾಡ್ತಾರ. ಅವತ್ತೂ ಬ್ಯಾಡ ಅನ್ನಾಕ ನನಗ ಬಾಯಿ ಬರೂದಿಲ್ಲ ಮೇಡಮ್. ಆ ಅಂಜಿಕ್ಯಾಗ ಯಾರದರ ಜೀವಾ ಹೋಗಬಾರದು."

"ಅಂದ್ರ?"

"ವಾರ್ಡೂ ಬ್ಯಾಡ್ರಿ."

ಅವಳು ಹಸಿರು ಏಪ್ರನ್ ಬಿಚ್ಚಿ, ಮಡಚಿ ಬೆಂಚಿನ ಮೇಲೆ ಇಟ್ಟಳು. ಒಳಗಿನ ಚಪ್ಪಲಿ ಬಿಟ್ಟು ತನ್ನ ಚಪ್ಪಲಿ ಮೆಟ್ಟಿದಳು. ಗುರುಲಿಂಗವ್ವ, "ಮಗಳ, ನನ್ನ ಸಲುವಾಗಿ ಹಿಂಗ ಹೋಗಬ್ಯಾಡವ್ವಾ," ಎಂದು ಕೈ ಚಾಚಿದಳು. ನರ್ಗೀಸ ಬಾಗಿ ಆ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು, ಮೆಟ್ಟಿಲಿಳಿದಳು.

ಕಾಶಪ್ಪ ಅವಳ ಹಿಂದೆ ಓಡಿದ. ತಪ್ಪಾಯಿತು ಎನ್ನಬೇಕೆಂದಿದ್ದ. "ಏ, ನಿಂದರ! ಎಲ್ಲಿ ಹೊಂಟಿ? ನಿಂದರ ಅಂದ್ರ ತಿಳೀವಲ್ದೇನು?" ಎಂದು ಕೂಗಿದ. ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ನೋಡಲಿಲ್ಲ. ಗೇಟಿನ ಹೊರಗೆ ರಸ್ತೆ ದಾಟಿ, ಅಲ್ಲಿ ನಿಂತಿದ್ದ ಆಟೋದಲ್ಲಿ ಕೂತಳು.

"ಸಿಟ್ಟು ಇಳದ್ರ ಬರ್ತಾಳ ಬಿಡ್ರಿ," ಎಂದ ಗೇಟಿನ ಕಾವಲುಗಾರ.

ಮಧ್ಯಾಹ್ನ ಮಹೇಶ್ವರಿಗೆ ಎಚ್ಚರವಾಯಿತು. ಮೊದಲು ಎಡಗೈಯಿಂದ ಎದೆಯ ಪಟ್ಟಿ ಮುಟ್ಟಿ ನೋಡಿಕೊಂಡಳು. "ಉಳೀತೇನಣ್ಣಾ?" ಎಂದಳು. ಕಾಶಪ್ಪ ಹೂಂ ಅಂದ. ಅವನ ಕಣ್ಣು ಬಾಗಿಲ ಕಡೆಗಿತ್ತು. ಸಂಜೆ ಪಾಳಿ ಬದಲಾಯಿತು. ಜ್ವರ ನೋಡಲು ಒಬ್ಬಳು ಬಂದಳು, ಸಲೈನ್ ಬದಲಿಸಲು ಇನ್ನೊಬ್ಬಳು. ಪ್ರತಿ ಸಲ ಬಾಗಿಲು ಸದ್ದಾದಾಗ ಅವನು ಎದ್ದು ನಿಂತ.

ಮರುದಿನ ಪಟ್ಟಿ ಬಿಚ್ಚಿ ಗಾಯ ನೋಡಲು ಬಂದವಳನ್ನು ಅವನು ನರ್ಗೀಸ ಎಲ್ಲಿ ಎಂದು ಕೇಳಿದ. ಗೊತ್ತಿಲ್ಲ ಅಂದಳು. ಡಿಸ್ಚಾರ್ಜ್ ಆಗುವ ತನಕವೂ ನರ್ಗೀಸ ಬರಲಿಲ್ಲ.